ಇಪ್ಪತ್ತೆಂಟು ದಿನದ ತಿಂಗಳು

ಮಿಸ್ಡ್ ಕಾಲಿಗೂ ಒಂದು ವ್ಯಾಕರಣವಿತ್ತು. ಒಂದು ರಿಂಗಾಗಿ ನಿಂತರೆ ‘ಮನೆ ಬಿಟ್ಟೆ’, ಎರಡಾದರೆ ‘ಬಂದು ತಲುಪಿದೆ’, ನಿಲ್ಲದೆ ಹೊಡೆದುಕೊಂಡರೆ ‘ಮಾರಾಯ, ಎತ್ತು, ವಿಷಯ ಗಂಭೀರ’. ಯಾವ ಮೇಷ್ಟರೂ ಪಾಠ ಮಾಡದೆ ಇಡೀ ದೇಶ ಕಲಿತ ವ್ಯಾಕರಣ ಬಹುಶಃ ಇದೊಂದೇ. ನಮ್ಮ ಬೀದಿಯ ಗಾರೆ ಮೇಸ್ತ್ರಿ ಇದರಲ್ಲಿ ಮಹಾಪಂಡಿತ. ಬೆಳಿಗ್ಗೆ ಆರೂವರೆಗೆ ಟೀ ಅಂಗಡಿ ಮುಂದೆ ಕುಕ್ಕರುಗಾಲಲ್ಲಿ ಕೂತು ತನ್ನ ಆಳುಗಳಿಗೆಲ್ಲ ಒಂದೊಂದು ರಿಂಗು ಬಿಡುತ್ತಿದ್ದ. ತಿರುಗಿ ಒಂದು ರಿಂಗು ಬಂದರೆ ಆಳು ಕೆಲಸಕ್ಕೆ ಬರುತ್ತಾನೆ. ಬರಲಿಲ್ಲವೆಂದರೆ ಹಿಂದಿನ ರಾತ್ರಿ ಸ್ವಲ್ಪ ಹೆಚ್ಚಾಗಿದೆ. ಟೀ ಆರುವುದರೊಳಗೆ ಹಾಜರಿ ಪುಸ್ತಕ ಭರ್ತಿ, ಖರ್ಚು ಸೊನ್ನೆ.

2010ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜಿಪ್‌ಡಯಲ್ ಎಂಬ ಕಂಪನಿ ಈ ಮಿಸ್ಡ್ ಕಾಲನ್ನೇ ಬಂಡವಾಳ ಮಾಡಿಕೊಂಡು ಬೆಳೆಯಿತು. 2015ರಲ್ಲಿ ಅದನ್ನು ಟ್ವಿಟರ್ ಕೊಂಡುಕೊಂಡಿತು. ಮೇಸ್ತ್ರಿಗೆ ಈ ಸುದ್ದಿ ಹೇಳಿದೆ. ಬೀಡಿ ಹಚ್ಚುತ್ತಾ, “ನಮ್ಮನ್ಯಾರೂ ಕೇಳ್ಲೇ ಇಲ್ವಲ್ಲ ಸಾರ್” ಎಂದ.

ಮಾತಿಗೆ ಬೆಲೆ ಇರಬೇಕು ಎಂದು ಹಿರಿಯರು ಹೇಳುತ್ತಿದ್ದದ್ದನ್ನು ನಮ್ಮ ಸರ್ಕಾರ ಅಕ್ಷರಶಃ ಪಾಲಿಸಿದ್ದು 1995ರಲ್ಲಿ. ಆ ವರ್ಷ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು, ದೆಹಲಿಯಲ್ಲಿದ್ದ ದೂರಸಂಪರ್ಕ ಸಚಿವ ಸುಖರಾಮರ ಜೊತೆ ದೇಶದ ಮೊದಲ ಮೊಬೈಲ್ ಮಾತು ಆಡಿದರು. ಆಗ ನಿಮಿಷಕ್ಕೆ 16 ರೂಪಾಯಿ 80 ಪೈಸೆಯವರೆಗೂ ದರವಿತ್ತು. ಇನ್ನೂ ತಮಾಷೆಯೆಂದರೆ ಬಂದ ಕರೆಗೂ ದುಡ್ಡು. ಸಾಲ ಕೊಟ್ಟವನು ಫೋನು ಮಾಡಿ ನಿಮ್ಮನ್ನು ಬಯ್ದರೆ ಬೈಸಿಕೊಂಡಿದ್ದಕ್ಕೂ ನೀವೇ ಕಾಸು ಕಟ್ಟಬೇಕು. ಆಗ ಮೊಬೈಲ್ ಇಟ್ಟುಕೊಂಡಿದ್ದ ದೊಡ್ಡ ಮನುಷ್ಯರು ರಿಂಗಾದರೆ ಮೊದಲು ನಂಬರು ನೋಡಿ, ಆಮೇಲೆ ಪಕ್ಕದ ಎಸ್‌ಟಿಡಿ ಬೂತು ಹುಡುಕುತ್ತಿದ್ದರು.

ಇಷ್ಟು ದುಬಾರಿಯಾದ ವಸ್ತು ಬಡವರಿಗೆ ಯಾಕೆ ಬೇಕು ಎಂದು ಕೇಳುವವರು ಆಗಲೂ ಇದ್ದರು. ಅವರಿಗೆ ಉತ್ತರ ಸಿಕ್ಕಿದ್ದು ಮೀನಿನಿಂದ. ಕಾಸರಗೋಡಿನಿಂದ ತೆಂಕಕ್ಕೆ, ಕಣ್ಣೂರು ದಾಟಿದರೆ ವಡಕರ ಸಿಗುತ್ತದೆ. 1997ರ ಜನವರಿಯ ಒಂದು ಬೆಳಿಗ್ಗೆ ಅಲ್ಲಿ ದಡಕ್ಕೆ ಬಂದ 11 ದೋಣಿಗಳ ಮೀನಿಗೆ ಗಿರಾಕಿಯೇ ಇಲ್ಲ. ಹಿಡಿದ ಬೂತಾಯಿಯನ್ನೆಲ್ಲ ಎಸೆಯಬೇಕಾಯಿತು. ಅದೇ ಹೊತ್ತಿಗೆ 15 ಕಿಲೋಮೀಟರಿನೊಳಗಿನ ಬೇರೆ ಪೇಟೆಗಳಲ್ಲಿ 27 ವ್ಯಾಪಾರಿಗಳು ಮೀನಿಲ್ಲದೆ ಖಾಲಿ ಬುಟ್ಟಿ ಹಿಡಿದು ನಿಂತಿದ್ದರು. ಆ ವರ್ಷದಿಂದ 2001ರವರೆಗೆ ಆ ಕರಾವಳಿಗೆ ಹಂತಹಂತವಾಗಿ ಮೊಬೈಲ್ ಟವರುಗಳು ಬಂದವು. ದಡದ ಟವರಿನ ಸಿಗ್ನಲ್ ಕಡಲಿನ ಮೇಲೂ ಇಪ್ಪತ್ತು ಕಿಲೋಮೀಟರ್ ಹೋಗುತ್ತದೆ. ದೋಣಿಯಲ್ಲಿ ಇರುವಾಗಲೇ ಎಲ್ಲಿ ಎಷ್ಟು ರೇಟು ಎಂದು ಕೇಳಿ, ಅತ್ತ ತಿರುಗಿಸುವುದು ಶುರುವಾಯಿತು. ಇದನ್ನೆಲ್ಲ ಕೂತು ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸೆನ್ 2007ರಲ್ಲಿ ಬರೆದದ್ದು: ಮೀನುಗಾರರ ಲಾಭ ಶೇಕಡ 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇಕಡ 4ರಷ್ಟು ಇಳಿಯಿತು, ಮೀನು ಎಸೆಯುವುದು ನಿಂತೇಹೋಯಿತು. ಮಾರುವವನಿಗೂ ಕೊಳ್ಳುವವನಿಗೂ ಒಟ್ಟಿಗೇ ಲಾಭವಾಗುವ ಪವಾಡ ನಮ್ಮ ದೇಶದಲ್ಲಿ ದಿನಾ ನಡೆಯುವುದಿಲ್ಲ. ಮೀನುಗಾರನಿಗೆ ಬೇಕಾದದ್ದು ಮೂರು ನಿಮಿಷದ ಮಾತು, ಅಷ್ಟೆ. ಕಡಲಲ್ಲಿ ಕೂತು ಸಿನಿಮಾ ನೋಡುವ ಆಸೆ ಅವನಿಗಿರಲಿಲ್ಲ. ಈ ಸಣ್ಣ ಸಂಗತಿಯನ್ನು ಆಮೇಲೆ ಬಂದವರೆಲ್ಲ ಮರೆತರೆಂಬುದು ನನ್ನ ತಕರಾರು.

ಬೆಲೆ ಇಳಿದ ಕಥೆ ಎಲ್ಲರಿಗೂ ಗೊತ್ತು, ಬೇಗ ಮುಗಿಸುತ್ತೇನೆ. 1999ರ ಹೊಸ ನೀತಿಯಲ್ಲಿ ಕಂಪನಿಗಳು ದೊಡ್ಡ ಲೈಸೆನ್ಸ್ ಶುಲ್ಕ ಕಟ್ಟುವ ಬದಲು ಆದಾಯದಲ್ಲಿ ಪಾಲು ಕೊಟ್ಟರೆ ಸಾಕು ಎಂದಾಯಿತು. 2003ರಲ್ಲಿ ಕರೆ ಮಾಡಿದವನೇ ಕಾಸು ಕೊಡಬೇಕು ಎಂಬ ನಿಯಮ ಬಂದು, ಬಂದ ಕರೆ ಪುಕ್ಕಟೆಯಾಯಿತು. 2009ರ ಹೊತ್ತಿಗೆ ಸೆಕೆಂಡಿಗೆ ಒಂದು ಪೈಸೆ. ಬೀದಿಬೀದಿಯಲ್ಲಿ ಕರೆನ್ಸಿ ಹಾಕುವ ಅಂಗಡಿಗಳು ಎದ್ದವು. ಹತ್ತು ರೂಪಾಯಿ ಕಾರ್ಡು ಕೊಂಡು ಉಗುರಲ್ಲಿ ಉಜ್ಜಿ, ಬೂದಿ ಊದಿ, ನಂಬರು ಒತ್ತುವ ಕೈಗಳನ್ನು ನೆನೆಸಿಕೊಳ್ಳಿ. ಪ್ಲಂಬರ್, ಹೂ ಕಟ್ಟುವವಳು, ಗ್ಯಾಸ್ ಒಲೆ ರಿಪೇರಿಯವನು, ಮದುವೆಗೆ ಅಡುಗೆ ಮಾಡುವ ಭಟ್ಟರು ಎಲ್ಲರಿಗೂ ಅಂಗಡಿ ಬಾಡಿಗೆ ಇಲ್ಲದೆಯೇ ಒಂದು ವಿಳಾಸ ಸಿಕ್ಕಿತು. ಕಾಂಪೌಂಡ್ ಗೋಡೆಗಳ ಮೇಲೆ ‘ಬೋರ್‌ವೆಲ್ ಮೋಟರ್ ಎತ್ತಲಾಗುತ್ತದೆ’ ಎಂದು ಬರೆದು ಹತ್ತು ಅಂಕಿ ಗೀಚಿದರೆ ಅದೇ ಆಫೀಸು.

ಆಗಲೇ ಬಂದದ್ದು ‘ಲೈಫ್‌ಟೈಮ್’ ಸಿಮ್ಮು. 2005ರ ಕೊನೆಯಲ್ಲಿ, 999 ರೂಪಾಯಿ ಒಮ್ಮೆ ಕಟ್ಟಿದರೆ ಜೀವಮಾನವಿಡೀ ಇನ್‌ಕಮಿಂಗ್ ಎಂದರು. ಜನ ಕಿವಿಯೋಲೆ ಅಡ ಇಟ್ಟಾದರೂ ತಗೊಂಡರು. ಯಾರ ಜೀವಮಾನ ಎಂಬ ಪ್ರಶ್ನೆಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ವಿವರಣೆ ಕೊಟ್ಟಿತು: ಕಂಪನಿಯ ಲೈಸೆನ್ಸ್ ನಡೆಯುವಷ್ಟು ಕಾಲ ಎಂದು. ಗಿರಾಕಿಯ ಆಯುಷ್ಯ ಲೆಕ್ಕಕ್ಕೇ ಇರಲಿಲ್ಲ. ಲೈಸೆನ್ಸಿಗೂ ಮೊದಲೇ ಲೈಫ್‌ಟೈಮು ತೀರಿಕೊಂಡಿತು ಅನ್ನುವುದು ಬೇರೆ ಮಾತು.

ಅದನ್ನು ತೀರಿಸಿದವನು ಪುಕ್ಕಟೆ ಎಂಬ ಮಹಾಶಯ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂತು; ಮರುವರ್ಷ ಮಾರ್ಚ್‌ವರೆಗೆ ಮಾತೂ ಪುಕ್ಕಟೆ, ನೆಟ್ಟೂ ಪುಕ್ಕಟೆ. ಹತ್ತು ಹನ್ನೆರಡು ಕಂಪನಿಗಳಿದ್ದ ದೇಶದಲ್ಲಿ ಕೊನೆಗೆ ಉಳಿದದ್ದು ಮೂರು ಖಾಸಗಿ, ಒಂದು ಸರ್ಕಾರಿ. 2018ರ ಕೊನೆಗೆ ಹಳೇ ಕಂಪನಿಗಳು ಒಂದು ಹೊಸ ಶಾಸ್ತ್ರ ತೆಗೆದವು: ಸಿಮ್ಮು ಬದುಕಿರಬೇಕಾದರೆ 28 ದಿನಕ್ಕೊಮ್ಮೆ ಕನಿಷ್ಠ 35 ರೂಪಾಯಿ. ಇಲ್ಲದಿದ್ದರೆ ಮೊದಲು ಹೋಗುವ ಕರೆ ಬಂದ್, ಆಮೇಲೆ ಬರುವ ಕರೆಯೂ ಬಂದ್. 2019ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಕಂಪನಿಗಳ ಹಳೇ ಬಾಕಿಯ ಬಗ್ಗೆ ಸರ್ಕಾರದ ಪರ ತೀರ್ಪು ಕೊಟ್ಟಿತು. ಅದರ ಬೆನ್ನಿಗೇ ಆ ಡಿಸೆಂಬರಿನಲ್ಲಿ ಒಮ್ಮೆ, 2021ರ ನವೆಂಬರಿನಲ್ಲಿ ಒಮ್ಮೆ, 2024ರ ಜುಲೈನಲ್ಲಿ ಮತ್ತೊಮ್ಮೆ ದರ ಏರಿತು. 35 ಇದ್ದದ್ದು 199ಕ್ಕೆ ಬಂದು ನಿಂತಿತು. ಕೊನೆಯ ಏರಿಕೆಗೆ ಸಿಟ್ಟಾಗಿ ಲಕ್ಷಗಟ್ಟಲೆ ಜನ ಬಿಎಸ್‌ಎನ್‌ಎಲ್‌ಗೆ ಹೋದರು. ಸಿಗ್ನಲ್ ಹುಡುಕಿಕೊಂಡು ಟೆರೇಸಿಗೂ ಹೋದರು.

ಭಾರತದಲ್ಲಿ ಡೇಟಾ ಬಹುಪಾಲು ದೇಶಗಳಿಗಿಂತ ಅಗ್ಗ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ನಿಜ. ಒಂದು ಜಿಬಿ ಲೆಕ್ಕ ಹಿಡಿದರೆ ನಿಜವೇ. ಆದರೆ ಮೇಸ್ತ್ರಿ ಜಿಬಿ ಲೆಕ್ಕದಲ್ಲಿ ಬದುಕುವವನಲ್ಲ. ಅವನಿಗೆ ಬೇಕಾದದ್ದು ನಂಬರು ಜೀವಂತ ಇರುವುದು, ಕೆಲಸ ಕೊಡುವವರು ಹೊಡೆದಾಗ ರಿಂಗಾಗುವುದು. ಹಿಂದೆ ಅದಕ್ಕೆ ಬೆಲೆ ಸೊನ್ನೆ ಇತ್ತು, ಈಗ 199. ಮಾತು ಅಗ್ಗವಾಯಿತು, ಸುಮ್ಮನಿರುವುದು ತುಟ್ಟಿಯಾಯಿತು.

ಆ ಇಪ್ಪತ್ತೆಂಟು ದಿನದ ಲೆಕ್ಕವಂತೂ ಪಂಚಾಂಗದವರೂ ಮೆಚ್ಚುವಂಥದ್ದು. ನಮ್ಮ ಚಾಂದ್ರಮಾನದಲ್ಲಿ ಸುಮಾರು ಮೂವತ್ತೆರಡು ತಿಂಗಳಿಗೊಮ್ಮೆ ಅಧಿಕ ಮಾಸ ಬಂದರೆ, ಟೆಲಿಕಾಂ ಮಾನದಲ್ಲಿ ಪ್ರತಿ ವರ್ಷವೂ ಅಧಿಕ ಮಾಸ. ಹದಿಮೂರು ತಿಂಗಳು, ಹದಿಮೂರು ರೀಚಾರ್ಜು. ಟ್ರಾಯ್ 2022ರಲ್ಲಿ, 30 ದಿನದ್ದೂ ಒಂದಾದರೂ ಪ್ಲಾನು ಇಡಿ ಎಂದು ಆದೇಶ ಮಾಡಿತು. ಇಟ್ಟಿದ್ದಾರೆ. ಹುಡುಕಿದರೆ ಸಿಗುತ್ತದೆ.

ಹತ್ತು ರೂಪಾಯಿ ಟಾಪ್-ಅಪ್ ಕೂಡ ಸತ್ತಿಲ್ಲ. ಹತ್ತು ಕೊಟ್ಟರೆ 7 ರೂಪಾಯಿ 47 ಪೈಸೆಯ ಮಾತು ಬರುತ್ತದೆ. ಆದರೆ ವ್ಯಾಲಿಡಿಟಿ ಇಲ್ಲದ ಸಿಮ್ಮಿನಲ್ಲಿ ಆ ಏಳು ರೂಪಾಯಿ ಹಾಗೇ ಕೂತಿರುತ್ತದೆ. ದಿನಗೂಲಿಯವನ ಕೈಗೆ ದುಡ್ಡು ಬರುವುದು ದಿನದ ಲೆಕ್ಕದಲ್ಲಿ, ಹೆಚ್ಚೆಂದರೆ ಶನಿವಾರದ ಬಟವಾಡೆಯಲ್ಲಿ. ಅವನು ಎಣ್ಣೆಯನ್ನು ಪ್ಯಾಕೆಟಿನಲ್ಲಿ ಕೊಳ್ಳುತ್ತಾನೆ, ಶಾಂಪೂ ಒಂದು ರೂಪಾಯಿ ಸ್ಯಾಷೆಯಲ್ಲಿ. ಫೋನು ಮಾತ್ರ ಒಂದು ತಿಂಗಳಿಗೆ ಸಗಟಾಗಿ ಕೊಳ್ಳಬೇಕು.

ಇನ್ನು ಆ 199ರೊಳಗೆ ಸುಮಾರು 30 ರೂಪಾಯಿ ತೆರಿಗೆ. ಶೇಕಡ 18 ಜಿಎಸ್‌ಟಿ. ದೊಡ್ಡ ಕಂಪನಿಯ ಸಾಹೇಬರ ಆಫೀಸು ಫೋನಿಗೂ ಅಷ್ಟೇ ತೆರಿಗೆ ಬೀಳುತ್ತದೆ, ಆದರೆ ಅವರ ಆಡಿಟರು ಅದನ್ನು ಇನ್‌ಪುಟ್ ಕ್ರೆಡಿಟ್ ಎಂದು ವಾಪಸ್ ಹಿಡಿಯುತ್ತಾರೆ. ಸೊಪ್ಪು ಮಾರುವವಳಿಗೆ ಜಿಎಸ್‌ಟಿ ನೋಂದಣಿಯೂ ಇಲ್ಲ, ಕ್ರೆಡಿಟ್ಟೂ ಇಲ್ಲ. ಪೂರಾ 199 ಅವಳ ಸೆರಗಿನ ಗಂಟಿನಿಂದಲೇ. ಅವಳ ಗಾಡಿಗೆ ಕ್ಯೂಆರ್ ಅಂಟಿಸಿ, ಪ್ರತಿ ಸಾರಿ ‘ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಕೂಗುವ ಡಬ್ಬಿಯನ್ನು ತಿಂಗಳ ಬಾಡಿಗೆಗೆ ಕೊಟ್ಟರು. ಯುಪಿಐಗೆ ವ್ಯಾಪಾರಿಯಿಂದ ಶುಲ್ಕವಿಲ್ಲ ಎಂದು 2020ರಿಂದ ನಿಯಮವಿದೆ, ಒಳ್ಳೆಯದೇ. ಡಬ್ಬಿಯ ಬಾಡಿಗೆ, ಫೋನಿನ ನೆಟ್ಟು ಆ ನಿಯಮದ ಹೊರಗೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಕರ್ನಾಟಕದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ, ಬೆಂಗಳೂರಿನ ಬೇಕರಿಗಳಲ್ಲಿ ರಾತ್ರೋರಾತ್ರಿ ಕ್ಯೂಆರ್ ಮಾಯವಾಗಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ರಟ್ಟಿನ ಬೋರ್ಡುಗಳು ತೂಗಿದವು. ಹಳೇ ಬಾಕಿ ಕೇಳುವುದಿಲ್ಲ ಎಂದು ಮುಖ್ಯಮಂತ್ರಿ ಭರವಸೆ ಕೊಡಬೇಕಾಯಿತು. ಅಷ್ಟರಲ್ಲಿ ಚಿಲ್ಲರೆ ಕೊಡುವುದನ್ನೇ ಮರೆತಿದ್ದ ನಾವು ಟೀ ಕುಡಿಯಲು ಎಟಿಎಂ ಹುಡುಕಿ ಹೋದೆವು.

ಸರ್ಕಾರವೂ ಬಡವರ ಸಿಮ್ಮಿನ ಮೇಲೆ ಸವಾರಿ ಮಾಡುವುದರಲ್ಲಿ ಹಿಂದೆ ಬಿದ್ದಿಲ್ಲ. ನರೇಗಾದ ಸಾಮುದಾಯಿಕ ಕಾಮಗಾರಿಗಳಲ್ಲಿ ಹಾಜರಿ ಆ್ಯಪ್‌ನಲ್ಲೇ ಎಂದು 2023ರ ಜನವರಿಯಿಂದ ಕಡ್ಡಾಯವಾಯಿತು. ನಮ್ಮ ರಾಜ್ಯದಲ್ಲಿ ಆ ಕೆಲಸ ಕೂಲಿಕಾರರ ಗುಂಪಿನ ಮುಂದಾಳು, ಅಂದರೆ ಕಾಯಕ ಬಂಧು ಎನಿಸಿಕೊಂಡವಳದ್ದಾಗಿತ್ತು. ದಿನಕ್ಕೆ ಎರಡು ಸಾರಿ ಕೂಲಿಕಾರರನ್ನೆಲ್ಲ ಕೆರೆಯಂಗಳದಲ್ಲಿ ನಿಲ್ಲಿಸಿ ಫೋಟೊ ತೆಗೆದು ಏರಿಸಬೇಕಿತ್ತು. ಫೋನು ಅವಳದ್ದು, ನೆಟ್ಟೂ ಅವಳದ್ದೇ. ಹೂಳಿನಲ್ಲಿ ಗುದ್ದಲಿ ಊರಿ ಜನ ಕಾಯುತ್ತಿರುತ್ತಿದ್ದರು. ಅವಳು ಏರಿಯ ಮೇಲೆ ಫೋನನ್ನು ಆಕಾಶಕ್ಕೆ ಹಿಡಿದು ಅತ್ತಿಂದಿತ್ತ ನಡೆಯುತ್ತಿರುತ್ತಿದ್ದಳು. ಸುತ್ತುವ ಚಕ್ರ ನಿಲ್ಲದಿದ್ದರೆ, ಮಣ್ಣು ಹೊತ್ತದ್ದು ಕಣ್ಣೆದುರೇ ಇದ್ದರೂ ಹೊತ್ತಿಲ್ಲ ಎಂದೇ ಲೆಕ್ಕ.

ಇತ್ತ ನಮ್ಮ ಮೂಲೆಯ ಕರೆನ್ಸಿ ಅಂಗಡಿಯವನಿಗೆ ನೂರಕ್ಕೆ ಎರಡು ಮೂರು ರೂಪಾಯಿ ಕಮಿಷನ್ ಬರುತ್ತಿತ್ತು. ಜನ ಆ್ಯಪ್‌ನಲ್ಲೇ ಹಾಕಿಕೊಳ್ಳತೊಡಗಿದ ಮೇಲೆ ಅವನು ಫೋನಿನ ಕವರು, ಆಮೇಲೆ ಗ್ಲಾಸು, ಆಮೇಲೆ ಮಕ್ಕಳ ಗಾಳಿಪಟ, ಈಗ ಸೀಸನ್ನಿನಲ್ಲಿ ಮಾವಿನಹಣ್ಣು ಮಾರುತ್ತಾನೆ. ಬೋರ್ಡಿನಲ್ಲಿ ಮಾತ್ರ ಇನ್ನೂ ‘ಎಲ್ಲಾ ಕಂಪನಿಯ ರೀಚಾರ್ಜ್’.

2024ರ ಡಿಸೆಂಬರಿನಲ್ಲಿ ಟ್ರಾಯ್‌ಗೆ ಮೀನುಗಾರನ ನೆನಪಾಯಿತೇನೋ, ಡೇಟಾ ಬೇಡದವರಿಗೆ ಬರೀ ಮಾತು-ಎಸ್ಸೆಮ್ಮೆಸ್ಸಿನ ಪ್ಲಾನು ಕೊಡಬೇಕು ಎಂದಿತು. ಕಂಪನಿಗಳು ಕೊಟ್ಟವು: 84 ದಿನಕ್ಕೆ ನಾನ್ನೂರೈವತ್ತರ ಆಸುಪಾಸು. ದಿನದ ಲೆಕ್ಕಕ್ಕೆ ಅಗ್ಗವೇ. ಒಟ್ಟಿಗೇ ನಾನ್ನೂರೈವತ್ತು ತೆಗೆದಿಡುವ ತಾಕತ್ತಿದ್ದವರಿಗೆ ಎಲ್ಲವೂ ಅಗ್ಗವೇ.

ಮೇಸ್ತ್ರಿಗೆ ಈ ಪ್ಲಾನಿನ ಬಗ್ಗೆ ಹೇಳಿದೆ. ಅವನು ನಕ್ಕ. ಅವನೂ ಮೂವರು ಆಳುಗಳೂ ಸೇರಿ ಆಗಲೇ ಒಂದು ಚೀಟಿ ಮಾಡಿಕೊಂಡಿದ್ದಾರಂತೆ. ಶನಿವಾರ ಬಟವಾಡೆ ಆದ ಕೂಡಲೇ ತಲಾ ಐವತ್ತು. ಆ ವಾರ ಒಬ್ಬನ ಫೋನಿಗೆ. ನಾಲ್ಕು ವಾರಕ್ಕೆ ನಾಲ್ವರದ್ದೂ ಮುಗಿದು, ಸರಿಯಾಗಿ ಇಪ್ಪತ್ತೆಂಟನೇ ದಿನಕ್ಕೆ ಮೊದಲನೆಯವನ ಸರದಿ. ಲೆಕ್ಕ ಇಷ್ಟು ಚೆನ್ನಾಗಿ ಕೂಡಿಬರುವುದನ್ನು ನೋಡಿ ನನಗೆ ಕಂಪನಿಯವರ ಮೇಲೆ ಮೊದಲ ಬಾರಿ ಗೌರವ ಬಂತು. “ಮಿಕ್ಕ ಒಂದು ರೂಪಾಯಿ ಯಾರಿಗೆ?” ಎಂದೆ.

“ಆ್ಯಪಿನೋರಿಗೆ ಸಾರ್. ಅದೇನೋ ಅನುಕೂಲದ ಚಾರ್ಜು ಅಂತಾರೆ.”