ಆಲ್ಬಂ ರಾಯರು

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ವಾಕಿಂಗ್ ಬರುವ ಯಾವ ಗುಂಪನ್ನಾದರೂ ನೋಡಿ, ಅದರಲ್ಲೊಬ್ಬರು ಆಲ್ಬಂ ರಾಯರು ಇದ್ದೇ ಇರುತ್ತಾರೆ. ಬ್ಯಾಂಕಿನಿಂದಲೋ ವಿಮಾ ಕಚೇರಿಯಿಂದಲೋ ನಿವೃತ್ತರು. ಮನೆ ಕುವೆಂಪುನಗರ, ತಪ್ಪಿದರೆ ಸರಸ್ವತಿಪುರಂ. ಕುರ್ಚಿ ಬಿಟ್ಟರೂ ಕಡತ ಬಿಟ್ಟವರಲ್ಲ. ಈಗಿನ ಕಡತ ಪ್ರವಾಸದ ಫೋಟೋಗಳು.

ಟೆಂಪೊ ಟ್ರಾವೆಲರ್ ಮಾಡಿಕೊಂಡು ಸೋಮನಾಥಪುರ, ತಲಕಾಡು, ಭರಚುಕ್ಕಿ ಸುತ್ತಿ ಬಂದರೆ ಉಳಿದವರ ಪ್ರವಾಸ ಮನೆ ಗೇಟಿನ ಹತ್ತಿರ ಮುಗಿಯುತ್ತದೆ. ರಾಯರದು ಶುರುವಾಗುವುದೇ ಅಲ್ಲಿಂದ. ಕಾಲು ತೊಳೆಯುವ ಮೊದಲೇ ಗ್ರೂಪಿಗೆ ಸುತ್ತೋಲೆ: "ಆತ್ಮೀಯರೇ, ಫೋಟೋಗಳನ್ನು ದಯಮಾಡಿ ಇಲ್ಲಿ ಸುರಿಯಬೇಡಿ. ಕೆಳಗಿನ ಲಿಂಕ್ ಒತ್ತಿ ಆಲ್ಬಮ್ಮಿಗೇ ಹಾಕಿ." ಎಲ್ಲರೂ ಕೈಮುಗಿದ ಚಿಹ್ನೆ ಹಾಕಿ ಒಪ್ಪುತ್ತಾರೆ. ಒಪ್ಪಿದ ಮರುಗಳಿಗೆಯೇ ಅಲ್ಲೇ ಸುರಿಯುತ್ತಾರೆ.

ರಾಯರ ಸಂಕಟ ಸುಳ್ಳಲ್ಲ. ವಾಟ್ಸಾಪ್ ಚಿತ್ರವನ್ನು ಕುಗ್ಗಿಸುವುದಲ್ಲದೆ ಅದನ್ನು ತೆಗೆದ ಹೊತ್ತಿನ ದಾಖಲೆಯನ್ನೂ ಕಿತ್ತುಹಾಕುತ್ತದೆ. ಆಲ್ಬಮ್ಮೋ, ಹೊತ್ತು ನೋಡಿ ಜೋಡಿಸುವ ಪೈಕಿ. ಹೀಗಾಗಿ ಬನ್ನೂರಿನ ಬೆಳಗಿನ ಇಡ್ಲಿ ಭರಚುಕ್ಕಿಯ ಸಂಜೆಯಾದ ಮೇಲೆ ಬರುತ್ತದೆ. ಒಬ್ಬರ ಹಳೇ ಕ್ಯಾಮೆರಾದ ಗಡಿಯಾರವಂತೂ 2010ರ ಜನವರಿಯಲ್ಲೇ ಕೂತಿದೆ. ಅದರ ಪ್ರಕಾರ ನಾವು ಪರಿಚಯವಾಗುವ ಮುಂಚೆಯೇ ಒಟ್ಟಿಗೆ ತಲಕಾಡಿಗೆ ಹೋಗಿದ್ದೇವೆ. ಆ ಊರಿಗೆ ಅಲಮೇಲಮ್ಮನ ಶಾಪ, ರಾಯರಿಗೆ ಈ ಕ್ಯಾಮೆರಾದ್ದು.

2021ರ ಜೂನ್ 1, ರಾಯರ ಪಂಚಾಂಗದಲ್ಲಿ ಕರಾಳ ದಿನ. ಲೆಕ್ಕವಿಲ್ಲದೆ ಫೋಟೋ ತುಂಬಿಕೊಳ್ಳುತ್ತಿದ್ದ ಗೂಗಲ್ ಅವತ್ತಿನಿಂದ ಎಲ್ಲವನ್ನೂ 15 ಜಿಬಿಯ ಪುಕ್ಕಟೆ ಲೆಕ್ಕಕ್ಕೆ ಹಿಡಿಯತೊಡಗಿತು. ಇಡೀ ಸರ್ವಿಸ್‌ನಲ್ಲಿ ಶುದ್ಧಹಸ್ತರಾಗಿದ್ದ ರಾಯರು ಈಗ ಹೆಂಡತಿ, ಸೊಸೆ, ಬೀಗರ ಹೆಸರಿನಲ್ಲಿ ಬೇನಾಮಿ ಖಾತೆಗಳನ್ನು ಇಟ್ಟಿದ್ದಾರೆ.

ಮುಖ ಗುರುತಿಸಿ ವಿಂಗಡಿಸುವ ಸೌಲಭ್ಯವನ್ನೂ ಬಿಟ್ಟವರಲ್ಲ. ಅದು ಷಡ್ಡಕರಿಬ್ಬರನ್ನು ಒಬ್ಬರೇ ಎಂದು ತಿಳಿಯಿತು, ಇಬ್ಬರಿಗೂ ಬೇಸರ. ಸೋಮನಾಥಪುರದ ವೇಣುಗೋಪಾಲನ ಮುಖ ತೋರಿಸಿ "ಇವರು ಯಾರು?" ಎಂದು ಕೇಳಿದಾಗ ರಾಯರು ಭಕ್ತಿಯಿಂದಲೇ ಹೆಸರು ತುಂಬಿದರು.

ಪ್ರತಿ ಚಿತ್ರದ ಬಲ ಮೂಲೆಯಲ್ಲಿ ರಾಯರ ಹೆಸರು. ಯಾರೋ ಆಕ್ಷೇಪಿಸಿದರು. "ಸೋಮನಾಥಪುರದ ದೇವಸ್ಥಾನವಾದಾಗ ಶಿಲ್ಪಿ ಮಲ್ಲಿತಮ್ಮ ತನ್ನ ವಿಗ್ರಹಗಳ ಕೆಳಗೆ ಹೆಸರು ಕೆತ್ತಿಲ್ಲವೇನ್ರೀ?" ಎಂದರು ರಾಯರು. "ಕೆತ್ತಿದ್ದಾನೆ ಸಾರ್, ಆದರೆ ಪಕ್ಕದವರು ಮಾಡಿದ ವಿಗ್ರಹಕ್ಕಲ್ಲ" ಎಂದು ಉತ್ತರ ಬಂತು. ಒಂದು ವಾರ ಗ್ರೂಪಿನಲ್ಲಿ ಶುಭೋದಯ ಬಿಟ್ಟರೆ ಬೇರೆ ಮಾತಿಲ್ಲ.

ಆದರೆ ರಾಯರ ನಿಜವಾದ ವೈಭವ ಅಳಿಸುವ ಅಧಿಕಾರದಲ್ಲಿದೆ. ಅರ್ಜಿಗಳು ಖಾಸಗಿಯಾಗಿ ಬರುತ್ತವೆ. "ಅದೊಂದು ತೆಗೆದುಬಿಡಿ, ನನ್ನ ಕಣ್ಣು ಮುಚ್ಚಿದೆ" ಎಂದು ಒಬ್ಬರು. "ಅದೊಂದನ್ನು ಮಾತ್ರ ತೆಗೆಯಬೇಡಿ, ನಾನು ಚೆನ್ನಾಗಿ ಬಂದಿರೋದು ಅದರಲ್ಲೇ" ಎಂದು ಇನ್ನೊಬ್ಬರು. ಎರಡೂ ಒಂದೇ ಗ್ರೂಪ್ ಫೋಟೋ. ರಾಯರು ಇಬ್ಬರಿಗೂ "ಪರಿಶೀಲನೆಯಲ್ಲಿದೆ" ಎಂದು ಬರೆಯುತ್ತಾರೆ. ಆ ಒಂದು ಪದ ಟೈಪ್ ಮಾಡುವಾಗ ಅವರ ಮುಖದಲ್ಲಿ ಹಳೆಯ ಮ್ಯಾನೇಜರ್ ಕಳೆ ಬರುತ್ತದೆ ಎಂದು ಅವರ ಮನೆಯವರೇ ಹೇಳಿದ್ದಾರೆ.

ತಲಕಾಡಿನ ಹೊಳೆದಂಡೆಯ ಊಟದಲ್ಲಿ ಇನ್ನಾರದೋ ಸೆಲ್ಫಿಯ ಹಿಂದೆ ಸಕ್ಕರೆ ಕಾಯಿಲೆಯ ಸದಸ್ಯರೊಬ್ಬರು ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿರುವುದು ಸ್ಪಷ್ಟವಾಗಿ ಬಿದ್ದಿತ್ತು. ಅರ್ಜಿ ರಾತ್ರಿಯೇ ಬಂತು, ರಾತ್ರಿಯೇ ವಿಲೇವಾರಿಯಾಯಿತು. ಮರುದಿನದಿಂದ ವಾಕಿಂಗ್ ಆದಮೇಲೆ ರಾಯರ ಕಾಫಿಯ ದುಡ್ಡು ಆ ಸದಸ್ಯರೇ ಕೊಡುತ್ತಿದ್ದಾರೆ.

ಮೈಸೂರಿನಲ್ಲಿ ಯಾರೂ ತೆರೆಯದ ಲಿಂಕನ್ನು ನ್ಯೂಜೆರ್ಸಿಯಲ್ಲಿರುವ ಆ ಸದಸ್ಯರ ಮಗಳು ತೆರೆದಿದ್ದಳು. ಅಳಿಸುವಷ್ಟರಲ್ಲಿ ನೋಡಿಯೂ ಆಗಿತ್ತು, ಫೋನ್ ಮಾಡಿ ಅಪ್ಪನಿಗೆ ಮಂಗಳಾರತಿಯೂ ಆಯಿತು. ಇನ್ನು ರಾಯರ ಕಾಫಿ ನಿಂತಂತೆಯೇ ಎಂದುಕೊಂಡೆವು. ನಿಲ್ಲಲಿಲ್ಲ. ಮಗಳು ನೋಡಿದ್ದು ಎರಡನೇ ಹೋಳಿಗೆ. ಮೂರನೆಯದರ ಫೋಟೋ ಇನ್ನೂ ರಾಯರ ಹತ್ತಿರವೇ ಇದೆ.