ಇಲಿಗಳಿಗೆ ಡೈಲಾಗ್ ಇಲ್ಲ

ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಿಗೆ ಗಣಿತ, ಪಿಟಿ ಮೇಷ್ಟ್ರಿಗೆ ವಾಲಿಬಾಲು. ಕನ್ನಡ ಮೇಷ್ಟ್ರಿಗೆ ಮಾತ್ರ ಕನ್ನಡದ ಜೊತೆಗೆ ನಾಟಕ, ನಿರೂಪಣೆ, ಸ್ವಾಗತಗೀತೆ, ಸನ್ಮಾನಪತ್ರ, ವರ್ಗವಾಗಿ ಹೋಗುವವರ ಬೀಳ್ಕೊಡುಗೆಗೊಂದು ಕವನ. ನಮ್ಮ ಹೆಡ್‌ಮಾಸ್ತರರ ಲೆಕ್ಕದಲ್ಲಿ ಇದೆಲ್ಲ ಒಂದೇ ಡಿಪಾರ್ಟ್‌ಮೆಂಟು. 'ನೀವು ಹೆಂಗೂ ಕನ್ನಡದೋರು, ಒಂದ್ ನಾಟ್ಕ ಮಾಡ್ಸಿಬಿಡಿ' ಎನ್ನುತ್ತಾರೆ, ನಲ್ಲಿ ಸೋರುತ್ತಿದೆ, ಒಂದು ವಾಷರ್ ಹಾಕಿಬಿಡಿ ಎನ್ನುವಷ್ಟು ಸಲೀಸಾಗಿ. ಕೆಲವು ಹೈಸ್ಕೂಲುಗಳಿಗೆ ಸರ್ಕಾರ ನಾಟಕದ ಮೇಷ್ಟ್ರನ್ನೇ ನೇಮಿಸಿದೆ. ಹೆಗ್ಗೋಡಿನ ನೀನಾಸಂನಂಥ ಕಡೆ ಪಳಗಿ ಬಂದವರು. ಅವರ ಮಕ್ಕಳು ಸ್ಟೇಜಿನ ಮೇಲೆ ಬೆನ್ನು ತಿರುಗಿಸಿ ನಿಂತರೆ ಅದಕ್ಕೊಂದು ಅರ್ಥವಿರುತ್ತದೆ. ನಮ್ಮ ಮಕ್ಕಳು ಬೆನ್ನು ತಿರುಗಿಸಿದರೆ ಡೈಲಾಗ್ ಮರೆತಿದೆ ಎಂದೇ ಅರ್ಥ.

ಆದರೂ ನಾಟಕ ವರ್ಷಕ್ಕೊಮ್ಮೆ ಬಂದು ಹೋಗುವ ಕಷ್ಟ. ಕಥೆ ಬರೆಸುವುದು ಜೂನ್‌ನಿಂದ ಮಾರ್ಚಿನವರೆಗೂ ಇದ್ದದ್ದೇ. ಎಂಟನೇ ಕ್ಲಾಸಿಗೆ ಬರುವ ಹೊತ್ತಿಗೆ ಬರವಣಿಗೆ ಎಂದರೇನು ಎಂಬುದು ನಮ್ಮ ಮಕ್ಕಳಿಗೆ ಗಟ್ಟಿಯಾಗಿ ಗೊತ್ತಾಗಿಬಿಟ್ಟಿರುತ್ತದೆ. ಗಾದೆ ಕೊಟ್ಟರೆ ಅದು ವೇದಕ್ಕೆ ಸಮ ಎಂದು ಶುರುಮಾಡಬೇಕು. ಪತ್ರ ಎಂದರೆ ತಾನು ಕ್ಷೇಮವಾಗಿರಬೇಕು. ಪ್ರಬಂಧಕ್ಕೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ವಿಷಯ ತೋಚದಿದ್ದರೆ ಪೀಠಿಕೆ, ಉಪಸಂಹಾರ. ಇಂಥವರಿಗೆ 'ನಿಮಗೆ ಬೇಕಾದ ಕಥೆ ಬರೀರಿ' ಎಂದರೆ ಏನಾಗುತ್ತದೆ? ಒಂದಾನೊಂದು ಊರಿನಲ್ಲಿ ಒಬ್ಬ ಬಡ ರೈತನಿರುತ್ತಾನೆ. ಕ್ಲಾಸಿನ ಮುಕ್ಕಾಲು ಪಾಲು ಮಕ್ಕಳು ರೈತರ ಮಕ್ಕಳೇ. ಅವರ ಅಪ್ಪಂದಿರು ಬೋರ್‌ವೆಲ್ ಕೊರೆಸಿ ಕೈಸುಟ್ಟುಕೊಳ್ಳುತ್ತಾರೆ, ಶುಂಠಿ ರೇಟಿಗೆ ಫೋನು ಹಚ್ಚುತ್ತಾರೆ, ಟ್ರ್ಯಾಕ್ಟರಿನ ಕಂತು ಬಾಕಿಯೆಂದು ಸಂಜೆ ಹೊತ್ತು ಮನೆಯಲ್ಲಿ ಸಿಗುವುದಿಲ್ಲ. ಕಥೆಯೊಳಗಿನ ರೈತನಿಗೆ ಇದೊಂದೂ ಇಲ್ಲ. ಅವನಿಗೆ ಇಬ್ಬರು ಮಕ್ಕಳು, ಒಬ್ಬ ಸೋಮಾರಿ, ಹೊಲದಲ್ಲಿ ನಿಧಿ. ಕೊನೆಗೆ ಸ್ಕೇಲಿಟ್ಟು ಎರಡೆರಡು ಗೆರೆ ಎಳೆದ ಒಂದು ಶಬ್ದ: 'ನೀತಿ'.

ಮಕ್ಕಳಿಗೆ ಕಲ್ಪನೆಯಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಹಲಬುವವರು ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಗೇಟಿನ ಹತ್ತಿರ ನಿಲ್ಲಬೇಕು. ತಡವಾಗಿ ಬಂದವನೊಬ್ಬನನ್ನು 'ಯಾಕೋ ಲೇಟು?' ಎಂದೆ.

'ಬಸ್ ಕರೆಕ್ಟಾಗೇ ಬತ್ತಿತ್ತು ಸಾ. ಕೆರೆ ಏರಿ ತಾವ ಒಂದಜ್ಜಿ ಹತ್ತುಸ್ತು. ಬ್ಯಾಗಲ್ಲಿ ಕೋಳಿ. ಕಂಡಕ್ಟ್ರು ಕೋಳಿಗೂ ಟಿಕೆಟ್ ತಗೋ ಅಂದ. ಅಜ್ಜಿ, ಹೆಂಗಸ್ರಿಗೆ ಫ್ರೀ ಅಲ್ವಾ, ಇದೂ ಹೇಂಟೆ ಕಣಪ್ಪ ಅಂತು. ಕಂಡಕ್ಟ್ರು ಆಧಾರ್ ತೋರ್ಸು ಅಂದ. ಅಷ್ಟರಲ್ಲಿ ಕೋಳಿ ಬ್ಯಾಗಿಂದ ಈಚ್ಗೆ ಬಂದು ಡ್ರೈವರ್ ತೊಡೆ ಮೇಲೆ ಕೂತ್ಕತ್ತು. ಬಸ್ ನಿಂತೋಯ್ತು ಸಾ.'

ನಿಜವೋ ಸುಳ್ಳೋ ವಿಚಾರಿಸುವುದು ಪಿಟಿ ಮೇಷ್ಟ್ರ ಕೆಲಸ, ನನ್ನದಲ್ಲ. ಹೇಂಟೆಯ ಮಾತಿಗೆ 'ಆಧಾರ್ ತೋರ್ಸು' ಎಂಬ ಉತ್ತರ ಹೊಳೆಯಬೇಕಾದರೆ ಎಷ್ಟು ಕಸುಬು ಬೇಕು! 'ಇದನ್ನೇ ಬರ್ಕೊಂಡು ಬಾ, ಇದೇ ಕಥೆ' ಎಂದು ಕಳಿಸಿದೆ. ಮಾರನೆಯ ದಿನ ನೋಟ್‌ಬುಕ್ಕಿನಲ್ಲಿ ದುಂಡು ಅಕ್ಷರದಲ್ಲಿ ಹೀಗಿತ್ತು: 'ನಾನು ನಿನ್ನೆಯ ದಿನ ಬಸ್ಸಿನ ವಿಳಂಬದ ಕಾರಣ ಶಾಲೆಗೆ ತಡವಾಗಿ ಆಗಮಿಸಿದೆನು. ನೀತಿ: ಸಮಯ ಅಮೂಲ್ಯವಾದುದು.'

'ಕೋಳಿ ಎಲ್ಲಿ ಹೋಯ್ತೋ?'

'ಕೋಳಿನೆಲ್ಲ ಬರೀಬೋದಾ ಸಾ?'

ಕಥೆ ಬರೆಸುವ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇರಲಾರದು. ಅಜ್ಜಿ, ಕೋಳಿ, ಕಂಡಕ್ಟ್ರು ಇವರೆಲ್ಲ ಬಾಯಿಗೆ ಸೇರಿದವರು. ನೋಟ್‌ಬುಕ್ಕಿನಲ್ಲಿ ಅವರಿಗೆ ಪ್ರವೇಶವಿಲ್ಲ ಎಂದು ಮಗುವಿಗೆ ಯಾರೋ ಹೇಳಿಕೊಟ್ಟಿದ್ದಾರೆ. ಯಾರೋ ಏನು, ನಮ್ಮ ಕುಲದವರೇ. ಅಂದಿನಿಂದ ನನ್ನ ಕ್ಲಾಸಿನಲ್ಲಿ ನೀತಿ ಬರೆದವರಿಗೆ ಒಂದು ಅಂಕ ಕಟ್ ಎಂದು ಸಾರಿದೆ. ಮಕ್ಕಳು ಬಲು ವಿಧೇಯರು. ಮುಂದಿನ ವಾರದ ಕಥೆಗಳ ಕೊನೆಯಲ್ಲಿ ಅದೇ ಎರಡು ಗೆರೆ, ಕೆಳಗೆ: 'ಈ ಕಥೆಗೆ ನೀತಿ ಇರುವುದಿಲ್ಲ.'

ಒಳ್ಳೆಯ ಬರವಣಿಗೆ ಸಿಕ್ಕಿದ್ದು ಎಲ್ಲಿ ಎಂದರೆ ರಜಾ ಅರ್ಜಿಗಳಲ್ಲಿ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬರೆದಿದ್ದಳು: 'ನಮ್ಮ ಸೀಮೆಹಸು ಈ ರಾತ್ರಿ ಈಯುವ ಸಂಭವ ಇರುತ್ತದೆ. ಈದರೆ ನಾಳೆ ಮಧ್ಯಾಹ್ನ ಬರುತ್ತೇನೆ. ಈಯದಿದ್ದರೆ ನಾಡಿದ್ದು. ಕರು ಅಡ್ಡ ತಿರುಗಿದ್ದರೆ ಡಾಕ್ಟರು ಬರಬೇಕು, ಡಾಕ್ಟರು ಬರುವ ದಿನ ಹೇಳಲಾಗುವುದಿಲ್ಲ.' ಇದನ್ನು ಓದಿ ಸ್ಟಾಫ್ ರೂಮಿಗೆ ಸ್ಟಾಫ್ ರೂಮೇ ಕಾತರದಿಂದ ಕೂತಿತ್ತು. ಮಾರನೆಯ ಮಧ್ಯಾಹ್ನ ಅವಳು ಗೇಟಿನಲ್ಲಿ ಕಂಡಾಗ ಗಣಿತದ ಮೇಷ್ಟ್ರು ಕಿಟಕಿಯಿಂದಲೇ ಕೂಗಿ ಕೇಳಿದರು: 'ಹೆಣ್ಣೋ ಗಂಡೋ?'

ಪ್ರತಿಭಾ ಕಾರಂಜಿಯ ಕಥೆ ಹೇಳುವ ಸ್ಪರ್ಧೆಯ ವಿಚಾರ ಹೆಚ್ಚು ಹೇಳುವುದಿಲ್ಲ. ತೀರ್ಪುಗಾರನಾಗಿ ಕೂತರೆ ಒಂದೇ ಮೊಸಳೆ ಒಂದೇ ಕೋತಿಯ ಹೃದಯವನ್ನು ಬೆಳಗಿನಿಂದ ಊಟದ ಹೊತ್ತಿನವರೆಗೆ ಕೇಳುತ್ತಿರುತ್ತದೆ, ಅವೇ ಕೈಸನ್ನೆಗಳೊಂದಿಗೆ.

ಇನ್ನು ನಾಟಕ. ಮಕ್ಕಳಿಗಾಗಿ ನಾಟಕ ಬರೆದವರು ಕನ್ನಡದಲ್ಲಿ ಕಡಿಮೆಯೇನಿಲ್ಲ. ವೈದೇಹಿಯವರು ಶೇಕ್ಸ್‌ಪಿಯರನ ಬಿರುಗಾಳಿಯನ್ನೇ 'ಧಾಂ ಧೂಂ ಸುಂಟರಗಾಳಿ' ಮಾಡಿ ಮಕ್ಕಳ ಕೈಗೆ ಕೊಟ್ಟರು. ಬಿ. ವಿ. ಕಾರಂತರ 'ಪಂಜರಶಾಲೆ' ಟ್ಯಾಗೋರರ ಗಿಳಿಯ ಕಥೆ. ಪಾಠ ತುರುಕಿ ತುರುಕಿ ಗಿಳಿಯನ್ನು ಕೊಂದೇಬಿಡುತ್ತಾರೆ. ನಾನು ಅದನ್ನು ಸೂಚಿಸಿದೆ, ಸ್ಟಾಫ್ ಮೀಟಿಂಗಿನಲ್ಲಿ ಬಹುಮತ ಸಿಗಲಿಲ್ಲ. ಕೊನೆಗೆ ಕುವೆಂಪು ಅವರ ಕಥನಪದ್ಯ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಗೆ ಎಲ್ಲರೂ ಒಪ್ಪಿದರು. ಅದರಲ್ಲಿ ಸಾಯುವುದು ಇಲಿಗಳು ಮಾತ್ರ.

ಪಾತ್ರ ಹಂಚಲು ಕೂತರೆ ಇಡೀ ಎಂಟನೇ ಕ್ಲಾಸು ಇಲಿಯಾಗಲು ಕೈಯೆತ್ತಿತು. ಇಲಿಗೆ ಡೈಲಾಗ್ ಇಲ್ಲ, ಬಾಯಿಪಾಠ ಇಲ್ಲ, ಕಚ್ಚಲು ಮೇಷ್ಟ್ರ ಅಪ್ಪಣೆ ಇದೆ. ಬಿಸಿಯೂಟದ ಅಕ್ಕಿಯ ಖಾಲಿ ಚೀಲಗಳೇ ಅಂಗಿಯಾದವು, ಬೆನ್ನ ಮೇಲೆ '50 ಕೆ.ಜಿ.' ಎಂಬ ಅಚ್ಚಿನ ಸಮೇತ. ಬಾಲಕ್ಕೆ ಹಳೆಯ ಸೈಕಲ್ ಟ್ಯೂಬು, ಮೀಸೆಗೆ ಪೊರಕೆಕಡ್ಡಿ. ತುಂಗಾ ನದಿಗೆ ಹಿಂದಿ ಮೇಡಂ ತಮ್ಮ ನೀಲಿ ಸೀರೆ ಕೊಟ್ಟರು, ಇಲಿಗಳು ಅದರಲ್ಲಿ ಮುಳುಗುವ ಮುಂಚೆ ಕಾಲು ತೊಳೆದಿರಬೇಕು ಎಂಬ ಷರತ್ತಿನ ಮೇಲೆ. ಜೋಗಿಯ ಪಾತ್ರ ಸೀಮೆಹಸುವಿನ ಹುಡುಗಿಗೆ.

ತೊಡಕಾಗಿದ್ದು ಗೌಡನ ಪಾತ್ರದ್ದು. ಇಲಿಯ ಕಾಟ ತೀರಿದ ಮೇಲೆ ಜೋಗಿಗೆ ದುಡ್ಡು ಕೊಡದೆ ಕೈಯೆತ್ತುವ ಗೌಡ. ಪಾತ್ರಧಾರಿಗೆ ಪದ್ಯದ ಸಾಲು ನಾಲಿಗೆಗೆ ಹತ್ತಲೊಲ್ಲದು. 'ನಿನ್ನ ಮಾತಲ್ಲೇ ಹೇಳೋ' ಎಂದೆ. ಅವನಪ್ಪ ಪಂಚಾಯ್ತಿಯ ಚರಂಡಿ ಕೆಲಸ ಹಿಡಿಯುವ ಕಂಟ್ರಾಕ್ಟರು. ಹುಡುಗ ಸೊಂಟದ ಮೇಲೆ ಕೈಯಿಟ್ಟು ಶುರುಮಾಡಿದ:

'ಕೆಲಸ ಆಗದೆ, ಇಲ್ಲ ಅನ್ನಕಿಲ್ಲ. ಎಸ್ಟಿಮೇಟ್ ಎಲ್ಲಿ? ವರ್ಕ್ ಆರ್ಡರ್ ಎಲ್ಲಿ? ಎಷ್ಟ್ ಇಲಿ ಸತ್ವು ಅಂತ ಎಂ.ಬಿ. ಬುಕ್ಕಲ್ಲಿ ಬರ್ಸಿದ್ಯಾ?'

'ಹೊಳೇಲಿ ಕೊಚ್ಕೊಂಡೋದವನ್ನ ಎಲ್ಲಿಂದ ಎಣಿಸ್ಲಿ ಗೌಡ್ರೇ?' ಜೋಗಿಯೂ ಬಿಡಲಿಲ್ಲ.

'ಹಂಗಾರೆ ಮಾರ್ಚ್ ಕಳೀಲಿ, ನೋಡನ.'

ರಿಹರ್ಸಲ್ ನೋಡುತ್ತಿದ್ದ ಹೆಡ್‌ಮಾಸ್ತರರ ಮುಖ ಬಿಳಿಚಿತು. ಸ್ಕೂಲ್‌ಡೇಗೆ ಪಂಚಾಯ್ತಿ ಅಧ್ಯಕ್ಷರೇ ಮುಖ್ಯ ಅತಿಥಿ, ಶಾಮಿಯಾನ ಅವರ ಖರ್ಚಿನದು. 'ಇದನ್ನ ತೆಗೀರಿ' ಎಂದರು. ನಾನು ವಾದಕ್ಕೆ ನಿಂತೆ. ಸಾರ್, ಇದು ಮೂಲದಲ್ಲಿ ಜರ್ಮನಿಯ ಹ್ಯಾಮೆಲಿನ್ ಊರಿನ ಐತಿಹ್ಯ. ಬ್ರೌನಿಂಗ್ 1842ರಲ್ಲಿ ಅದನ್ನು ಇಂಗ್ಲಿಷ್ ಪದ್ಯ ಮಾಡಿದ. ಕುವೆಂಪು ಆ ಇಲಿಗಳನ್ನು ತುಂಗೆಯ ದಡಕ್ಕೆ ತಂದರು. ಅಲ್ಲಿಂದ ನಮ್ಮ ಹುಡುಗ ಪಂಚಾಯ್ತಿ ಆಫೀಸಿಗೆ ತಂದರೆ ತಪ್ಪೇನು?

'ಕುವೆಂಪು ಅವ್ರು ಯಾರ ಹತ್ರಾನೂ ಶಾಮಿಯಾನ ಕೇಳಿರ್ಲಿಲ್ಲ ಬಿಡಿ' ಎಂದರು ಹೆಡ್‌ಮಾಸ್ತರರು. ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಹುಡುಗನಿಗೆ ಪದ್ಯವನ್ನೇ ಹೇಳುವಂತೆ ತಾಕೀತಾಯಿತು, ಅವನೂ ತಲೆಯಾಡಿಸಿದ.

ಸ್ಕೂಲ್‌ಡೇ ರಾತ್ರಿ ಇಲಿಗಳು ತೊಟ್ಟಿಲು ಕಚ್ಚಿದವು, ಗೌಡನ ರುಮಾಲು ಕಚ್ಚಿದವು, ಮೈಕಿನ ವೈರನ್ನೂ ಕಚ್ಚಹೋಗಿ ಬೈಸಿಕೊಂಡವು. ಜೋಗಿ ಕಿಂದರಿ ನುಡಿಸಿದಳು. ಎಲ್ಲವೂ ಓಡಿಬಂದು ನೀಲಿ ಸೀರೆಯ ಮೇಲೆ ಅಂಗಾತ ಬಿದ್ದು ಸತ್ತವು. ಜೋಗಿ ದುಡ್ಡು ಕೇಳಿದಳು. ಗೌಡ ಪದ್ಯದ ಮೊದಲ ಶಬ್ದ ಹೇಳಿದ, ಎರಡನೆಯದಕ್ಕೆ ತಡಕಾಡಿದ, ಮುಂದಿನ ಸಾಲಿನಲ್ಲಿ ಕೂತಿದ್ದ ಅಪ್ಪನನ್ನು ನೋಡಿದ. ಸೊಂಟದ ಮೇಲೆ ಕೈ ಹೋಯಿತು. ಎಸ್ಟಿಮೇಟು, ವರ್ಕ್ ಆರ್ಡರು, ಎಂ.ಬಿ., ಒಂದನ್ನೂ ಬಿಡಲಿಲ್ಲ.

ಹೆಡ್‌ಮಾಸ್ತರರು ಕಣ್ಣು ಮುಚ್ಚಿಕೊಂಡರು. ಹಿಂದಿನ ಕತ್ತಲೆಯಿಂದ ಯಾರೋ ಕೂಗಿದರು: 'ಬಿಲ್ಲಿಗೆ ಜಿಪಿಎಸ್ ಫೋಟೋ ಕೇಳೋ ಗೌಡ!' ಶಾಮಿಯಾನ ಹಾರಿಹೋಗುವಂತೆ ನಗು. ಅಧ್ಯಕ್ಷರು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿದ್ದ ಪಿಡಿಓ ಭುಜಕ್ಕೆ ಗುದ್ದುತ್ತಿದ್ದರು. ಗೌಡನಿಗೆ ಹುರುಪು ಬಂತು. 'ಎಲ್ಲಮ್ಮ ಜಿಪಿಎಸ್ ಫೋಟೋ?' ಎಂದ. ಜೋಗಿ ತಬ್ಬಿಬ್ಬಾಗಿ ನನ್ನತ್ತ ನೋಡಿದಳು.

ಆಗ ತುಂಗಾ ನದಿಯಿಂದ ಒಂದು ಇಲಿ ತಲೆಯೆತ್ತಿತು. ನಾನು ವಿಂಗ್‌ನಿಂದ 'ಮಲಕ್ಕಳೋ' ಎಂದು ಸನ್ನೆ ಮಾಡುವಷ್ಟರಲ್ಲಿ ಅದು ಕೂಗಿ ಹೇಳಿತು: 'ಈಗ್ಲೇ ತಗಳಿ ಗೌಡ್ರೆ, ಎಲ್ಲಾ ಇಲ್ಲೇ ಸತ್ ಬಿದ್ದಿದ್ದೀವಿ!'

ಅಧ್ಯಕ್ಷರು ಮೊಬೈಲ್ ಹಿಡಿದು ಎದ್ದೇಬಿಟ್ಟರು. ಸತ್ತ ಇಲಿಗಳೆಲ್ಲ ದಡಬಡ ಎದ್ದು, ಬಾಲ ಸರಿಮಾಡಿಕೊಂಡು, ಕುಳ್ಳರು ಮುಂದೆ ಉದ್ದದವರು ಹಿಂದೆ ಸಾಲಾಗಿ ನಿಂತವು.