ಅಪರಿಗ್ರಹವೂ ಅಟ್ಟವೂ

ಮನೆಯೊಳಕ್ಕೆ ಒಂದು ವಸ್ತುವನ್ನು ಬರಮಾಡಿಕೊಳ್ಳುವುದಕ್ಕೆ ನಮ್ಮವರು ಏರ್ಪಡಿಸಿರುವ ವಿಧಿಗಳಿಗೆ ಲೆಕ್ಕವಿಲ್ಲ. ಹೊಸ ಒಲೆಗೆ ಅರಿಸಿನ ಕುಂಕುಮ, ಹೊಸ ಬೀರುವಿಗೆ ಸ್ವಸ್ತಿಕ, ಹೊಸ ವಾಹನದ ಚಕ್ರದಡಿಗೆ ನಿಂಬೆಹಣ್ಣು, ಹೊಸ ಲೆಕ್ಕದ ಪುಸ್ತಕದ ಮೊದಲ ಪುಟಕ್ಕೆ ಶ್ರೀಕಾರ. ಹೀಗೆ ಪ್ರವೇಶವೆಂಬುದು ಸಾಂಗವಾಗಿ ನೆರವೇರುತ್ತದೆ. ಆದರೆ ಅದೇ ವಸ್ತು ಮುದಿಯಾಗಿ, ಕಾಲು ಮುರಿದು, ಹಿಡಿ ಕಳಚಿ, ಯಾತಕ್ಕೂ ಒದಗದಂತಾದ ಮೇಲೆ ಅದನ್ನು ಬೀಳ್ಕೊಡುವ ಬಗೆ ಯಾವುದೆಂಬುದನ್ನು ಸೂತ್ರಕಾರರಾರೂ ಹೇಳಿದಂತಿಲ್ಲ. ಮನುಷ್ಯನಿಗಾದರೆ ಷೋಡಶ ಸಂಸ್ಕಾರಗಳ ಕೊನೆಯಲ್ಲಿ ಅಂತ್ಯೇಷ್ಟಿಯೆಂಬುದೊಂದುಂಟು. ತಳ ತೂತಾದ ಹಂಡೆಗೆ ಅದೂ ಇಲ್ಲ. ಅದಕ್ಕೆ ಉಳಿದಿರುವ ಏಕೈಕ ಗತಿಯೆಂದರೆ ಊರ್ಧ್ವಗತಿ, ಅಂದರೆ ಅಟ್ಟ.

ಮೈಸೂರಿನ ಚಾಮರಾಜಪುರದ ಹೆಂಚಿನ ಮನೆಯನ್ನು ತೆರವು ಮಾಡಿ, ಅಟ್ಟವೆಂಬ ಅವಯವವೇ ಇಲ್ಲದ ಬೆಂಗಳೂರಿನ ಫ್ಲ್ಯಾಟೊಂದಕ್ಕೆ ಸಂಸಾರವನ್ನು ಸಾಗಿಸಬೇಕಾಗಿ ಬಂದಾಗ, ಈ ಊರ್ಧ್ವಲೋಕದ ನಿವಾಸಿಗಳನ್ನೆಲ್ಲ ಕೆಳಕ್ಕಿಳಿಸುವ ಕಾರ್ಯ ಅನಿವಾರ್ಯವಾಯಿತು. "ಒಂದು ವರ್ಷದಿಂದ ಮುಟ್ಟದೆ ಇರೋದನ್ನೆಲ್ಲ ಕಣ್ಣು ಮುಚ್ಚಿಕೊಂಡು ಎಸೆದುಬಿಡಬೇಕು ಅಣ್ಣಾ, ಈಗಿನ ಪದ್ಧತಿಯೇ ಅದು" ಎಂದು ನಮ್ಮ ಮಗರಾಯ ಏಣಿಯ ಮೇಲಿಂದ ಉಪದೇಶಿಸಿದ. "ಹಾಗಾದರೆ ನಿನ್ನ ವ್ಯಾಯಾಮದ ಸೈಕಲ್ಲಿನಿಂದಲೇ ಶುರುಮಾಡೋಣ ಕಣಪ್ಪ" ಎಂದು ಅವನ ತಾಯಿ ಕೆಳಗಿನಿಂದ ಅನುಮೋದಿಸಿದ ಮೇಲೆ ಆ ಪದ್ಧತಿಯ ಪ್ರಸ್ತಾಪ ಮತ್ತೆ ಬರಲಿಲ್ಲ.

ಪತಂಜಲಿ ಮಹರ್ಷಿಗಳು ಪಂಚಯಮಗಳ ಪೈಕಿ ಅಪರಿಗ್ರಹವನ್ನು ಕಡೆಯಲ್ಲಿರಿಸಿ, ಅದರಲ್ಲಿ ಸ್ಥಿರವಾಗಿ ನಿಂತವನಿಗೆ ಜನ್ಮಾಂತರಗಳ ವೃತ್ತಾಂತವು ಗೋಚರಿಸುವುದೆಂದು ಯೋಗಸೂತ್ರಗಳಲ್ಲಿ ಅಭಯವಿತ್ತಿದ್ದಾರೆ. ಅವರ ಆಶ್ರಮಕ್ಕೆ ಅಟ್ಟವಿರಲಿಲ್ಲವೆಂದು ತೋರುತ್ತದೆ. ಇದ್ದಿದ್ದರೆ, ಅದೇ ಫಲವು ಪರಿಗ್ರಹದಿಂದ ಇನ್ನೂ ಸುಲಭವಾಗಿ ಲಭಿಸುವುದೆಂಬುದು ಅವರಿಗೆ ತಿಳಿಯದೆ ಇರುತ್ತಿರಲಿಲ್ಲ. ಏಕೆಂದರೆ ಒಂದೊಂದು ಪೆಟ್ಟಿಗೆಯ ಮುಚ್ಚಳ ತೆರೆದಂತೆಲ್ಲ ನನಗೆ ನನ್ನ ಪೂರ್ವಜನ್ಮಗಳು ಸಾಕ್ಷಾತ್ಕಾರವಾದವು: ತಂತಿ ಹರಿದ ಪಿಟೀಲಿನಲ್ಲಿ ವಿದ್ವಾಂಸನಾಗಹೊರಟ ಜನ್ಮ, ಶೀಘ್ರಲಿಪಿಯ ಪುಸ್ತಕದಲ್ಲಿ ಗುಮಾಸ್ತನಾಗಹೊರಟ ಜನ್ಮ, ಹೋಮಿಯೋಪತಿ ಗುಳಿಗೆಗಳ ಪೆಟ್ಟಿಗೆಯಲ್ಲಿ ನೆರೆಹೊರೆಯವರನ್ನು ಗುಣಪಡಿಸಹೊರಟ ಜನ್ಮ. ಆ ನೆರೆಹೊರೆಯವರು ದೈವಕೃಪೆಯಿಂದ ಇಂದಿಗೂ ಆರೋಗ್ಯವಾಗಿದ್ದಾರೆ.

ಇವೆಲ್ಲವನ್ನೂ ತ್ಯಜಿಸುವಷ್ಟು ವೈರಾಗ್ಯ ನನ್ನಲ್ಲಿತ್ತು. ತೊಡಕಾದದ್ದು ಲಗ್ನಪತ್ರಿಕೆಗಳ ವಿಷಯದಲ್ಲಿ. ನಮ್ಮಲ್ಲಿ ವಿಘ್ನೇಶ್ವರನೋ ತಿರುಪತಿಯ ತಿಮ್ಮಪ್ಪನೋ ನೆತ್ತಿಯ ಮೇಲೆ ಕುಳಿತಿಲ್ಲದ ಲಗ್ನಪತ್ರಿಕೆಯೇ ಅಪರೂಪ; ಅದರ ನಾಲ್ಕು ಮೂಲೆಗಳಿಗೂ ಅರಿಸಿನ ಬಳಿದಿರುತ್ತದೆ. ಹೀಗಿರಲು, ಯಾರ ಮದುವೆಗಾಗಿ ಅದು ಅಚ್ಚಾಯಿತೋ ಅವರ ಮಕ್ಕಳ ಮದುವೆಯ ಪತ್ರಿಕೆಯೂ ಬಂದು ಅದೇ ಕಟ್ಟಿಗೆ ಸೇರಿದ್ದರೂ, "ದೇವರ ಪಟ ಇದೆ, ಹರೀಬೇಡ್ವೋ" ಎಂಬ ನಮ್ಮ ತಾಯಿಯವರ ಒಂದು ಮಾತಿನಿಂದ ಇಡೀ ಕಟ್ಟು ಅಜರಾಮರವಾಗುತ್ತದೆ. ದಿನಸಿ ಅಂಗಡಿಯವರು ಕೊಟ್ಟ ಕ್ಯಾಲೆಂಡರುಗಳಿಗೂ ಇದೇ ರಕ್ಷೆ. ಅರಳೀಮರದ ಬುಡದಲ್ಲಿಟ್ಟು ಕೈಮುಗಿದು ಬರೋಣವೆಂದು ಹೋದರೆ, ಕಟ್ಟೆಯ ಮೇಲೆ ಆಗಲೇ ನಮಗಿಂತ ಮೊದಲು ಮನೆ ಬಿಟ್ಟವರೆಲ್ಲರ ಗಾಜೊಡೆದ ದೇವರುಗಳು ಸಭೆ ಸೇರಿದ್ದರು. ಅವರ ನಡುವೆ ನಮ್ಮ ಬಂಧುಬಳಗದ ಮದುವೆಗಳಿಗೆ ಸ್ಥಳವಿರಲಿಲ್ಲ.

ಪುಸ್ತಕ ಪತ್ರಿಕೆಗಳು ಸರಸ್ವತಿಯ ಅಧೀನ. 1965ರಲ್ಲಿ ಆರಂಭವಾದ ಸುಧಾ ವಾರಪತ್ರಿಕೆಯಿಂದ ಧಾರಾವಾಹಿಗಳನ್ನು ಕತ್ತರಿಸಿ, ದಬ್ಬಣದಿಂದ ಹೊಲಿದು, ರಟ್ಟು ಹಾಕಿದ ಸಂಪುಟಗಳು ನಮ್ಮ ಅನೇಕ ಮನೆಗಳಲ್ಲಿದ್ದಂತೆ ನಮ್ಮಲ್ಲಿಯೂ ಉಂಟು. ಅವುಗಳಲ್ಲೊಂದಕ್ಕೆ ಕಡೆಯ ಕಂತೇ ಇಲ್ಲ. ನಾಯಕಿಯ ಗತಿ ಏನಾಯಿತೆಂದು ತಿಳಿಯದೆ ಅವಳನ್ನು ಗುಜರಿಯವನ ತಕ್ಕಡಿಗೆ ಹಾಕುವುದು ಸಜ್ಜನರ ಲಕ್ಷಣವಲ್ಲವೆಂದು ಮನೆಯಾಕೆ ತೀರ್ಪಿತ್ತಳು.

ಇನ್ನು ಲೋಹಖಂಡ. ಸೇರು, ಪಾವು, ಚಟಾಕುಗಳ ಅಧಿಕಾರವನ್ನು 1956ರ ತೂಕ ಮತ್ತು ಅಳತೆಗಳ ಕಾನೂನು ಕಿತ್ತುಕೊಂಡು ಕಿಲೋಗ್ರಾಮು ಲೀಟರುಗಳಿಗೆ ಪಟ್ಟ ಕಟ್ಟಿತಷ್ಟೆ. ಆದರೆ ನಮ್ಮ ಪಾವು ಆ ಕಾನೂನನ್ನು ಲಕ್ಷಿಸದೆ ಇಂದಿಗೂ ಅಕ್ಕಿಯ ಡಬ್ಬದಲ್ಲಿ ರಾಜ್ಯವಾಳುತ್ತಿರುವುದರಿಂದ, ಪದಚ್ಯುತರಾದ ಸೇರು ಚಟಾಕುಗಳನ್ನು ಅದರ ಬಂಧುಗಳೆಂಬ ದಾಕ್ಷಿಣ್ಯಕ್ಕಾದರೂ ಹೊರಗೆ ಹಾಕುವಂತಿಲ್ಲ. 1957ರಲ್ಲಿ ನಯಾಪೈಸೆ ಬಂದು ಕೊಂದ ಆಣೆಗಳೂ, 2011ರಲ್ಲಿ ಚಲಾವಣೆ ನಿಂತ ನಾಲ್ಕಾಣೆಗಳೂ ಒಂದೇ ತಗಡಿನ ಡಬ್ಬದಲ್ಲಿ ವೈರವಿಲ್ಲದೆ ಬಾಳುತ್ತಿವೆ.

ಕೊಡಲು ಮನಸ್ಸಾದ ವಸ್ತುವಿಗೂ ದಿನ ಕೂಡಿಬರಬೇಕು. ಮಂಗಳವಾರ ಶುಕ್ರವಾರ ಮನೆಯಿಂದ ಏನನ್ನೂ ಕೊಡಕೂಡದು. ದೀಪ ಹಚ್ಚಿದ ಮೇಲೆ ಯಾವ ದಿನವೂ ಕೂಡದು. ಅಮಾವಾಸ್ಯೆಯಂತೂ ಸರಿಯೇ ಸರಿ. ಆಷಾಢದಲ್ಲಿ ಮನೆ ಬದಲಾಯಿಸಬಾರದಾದ್ದರಿಂದ ಇಷ್ಟೂ ಕಾರ್ಯ ಅದಕ್ಕೆ ಮೊದಲೇ ಮುಗಿಯಬೇಕು. ಇವೆಲ್ಲದರ ನಡುವೆ, ಹೊಸ ಮನೆಗೆ ಒಯ್ಯದೆ ಬಿಟ್ಟೇ ಹೋಗಬೇಕೆಂದು ಸಂಪ್ರದಾಯವು ಸ್ಪಷ್ಟವಾಗಿ ವಿಧಿಸಿರುವ ಪದಾರ್ಥವೆಂದರೆ ಪೊರಕೆಯೊಂದೇ. ಅದು ಅಟ್ಟ ಗುಡಿಸುವುದಕ್ಕೆಂದು ಹಿಂದಿನ ದಿನ ತಂದದ್ದು. ಇಡೀ ಮನೆಯಲ್ಲಿ ಹೊಸದಾಗಿದ್ದ ವಸ್ತು ಅದೊಂದೇ ಆಗಿತ್ತು.

ಹಳೆಯ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ಬೀದಿಯಲ್ಲಿ ಕೂಗಿದಾಗ ನನಗೆ ಆಶೆ ಚಿಗುರಿತು. ಅರ್ಧ ಗಂಟೆಯ ವ್ಯವಹಾರದ ನಂತರ ಒಂದು ಗಂಟು ಬಟ್ಟೆ ಹೊರಟುಹೋಗಿ, ಅದರ ಸ್ಥಾನದಲ್ಲಿ ಮುಚ್ಚಳ ಸಮೇತವಾದ ಒಂದು ಸ್ಟೀಲ್ ಡಬರಿ ಬಂದು ಕುಳಿತಿತು. ಬಟ್ಟೆಯನ್ನಾದರೆ ಮಡಿಸಿಡಬಹುದಾಗಿತ್ತು.

ಗೃಹಸ್ಥರ ವಸ್ತುಗಳಲ್ಲಿ ಅಪರಿಗ್ರಹವನ್ನು ಸಾಧಿಸಿರುವುದು ನನಗೆ ಕಂಡಂತೆ ರವಿಕೆ ಕಣವೊಂದೇ. ತಾಂಬೂಲದೊಡನೆ ಒಂದು ಮನೆಗೆ ಬಂದು, ಒಲಿಸಿಕೊಳ್ಳದೆ, ಹೊಲಿಸಿಕೊಳ್ಳದೆ, ಮುಂದಿನ ವರಮಹಾಲಕ್ಷ್ಮಿ ವ್ರತದಂದು ಇನ್ನೊಂದು ಮನೆಗೆ ಹೊರಟುಬಿಡುವ ಅದರ ಪರಿವ್ರಾಜಕ ವೃತ್ತಿಯನ್ನು ಮಿಕ್ಕ ಸಾಮಾನುಗಳೂ ಕಲಿತಿದ್ದರೆ ಲಾರಿಗೆ ಅಷ್ಟು ಬಾಡಿಗೆ ತೆರಬೇಕಾಗಿರಲಿಲ್ಲ.

ಓದುಗರಲ್ಲಿ ಯಾರಿಗಾದರೂ ಪಿಟೀಲೋ, ಹೋಮಿಯೋಪತಿ ಪೆಟ್ಟಿಗೆಯೋ, ವ್ಯಾಯಾಮದ ಸೈಕಲ್ಲೋ ಬೇಕಾಗಿದ್ದಲ್ಲಿ ದಯಮಾಡಿ ಬರಬೇಕು. ಮಂಗಳವಾರ ಶುಕ್ರವಾರ ಬೇಡ. ದೀಪ ಹಚ್ಚುವುದಕ್ಕೆ ಮೊದಲೇ ಬಂದರೆ ಒಳ್ಳೆಯದು. ಬದಲಿಗೆ ಪಾತ್ರೆಯನ್ನು ಮಾತ್ರ ತರಬೇಡಿ.